ಓಡುವವರನ್ನು ಹಿಡಿಯದ ಲೆನ್ಸು

ನಿಂತವರನ್ನು ನನ್ನ ಕ್ಯಾಮೆರಾ ಚೆನ್ನಾಗಿಯೇ ಹಿಡಿಯುತ್ತಿತ್ತು. ಓಡುವವರು ಎದುರಾದರೆ ಮಾತ್ರ ಅದಕ್ಕೆ ಏನೋ ಬಡಿಯುತ್ತಿತ್ತು. ಲೆನ್ಸು ಝುಂಯ್ ಎಂದು ಒಮ್ಮೆ ಮುಂದೆ, ಒಮ್ಮೆ ಹಿಂದೆ ತಡಕಾಡಿ, ಎಲ್ಲೂ ನಿಲ್ಲದೆ ಸುಮ್ಮನಾಗಿಬಿಡುತ್ತಿತ್ತು. ಅಷ್ಟರಲ್ಲಿ ಚೆಂಡು ಗೋಲಿನೊಳಗೆ ಹೋಗಿ, ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಆಟ ಮತ್ತೆ ಶುರುವಾಗಿರುತ್ತಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಅಕ್ಟೋಬರ್ ನನಗೆ ಹೀಗೆ ಕಳೆಯಿತು.

ನಾನು ಕುಂದಾಪುರದಿಂದ ಮದುವೆಯಾಗಿ ಲಂಡನ್ನಿನ ಹ್ಯಾರೋಗೆ ಬಂದವಳು. ಗಂಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ನಾನು ವಾರದ ದಿನಗಳಲ್ಲಿ ಗ್ರೀನ್‌ಫರ್ಡಿನ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆಗೇ ಬಂದಿದ್ದರು. ಕೌನ್ಸಿಲ್ಲಿನವರು ನಡೆಸುತ್ತಿದ್ದ ಸಂಜೆ ತರಗತಿಯಲ್ಲಿ ಫೋಟೋ ತೆಗೆಯುವುದನ್ನು ಕಲಿತೆ. ಕಲಿತದ್ದೇ ತಡ, ನಮ್ಮವರ ನಾಮಕರಣ, ಸೀಮಂತ, ಗೃಹಪ್ರವೇಶಗಳೆಲ್ಲ ನನ್ನ ಕೊರಳಿಗೆ ಬಿದ್ದವು. ಎಲ್ಲರೂ ಸಾಲಾಗಿ ನಿಂತು ಉಸಿರು ಬಿಗಿಹಿಡಿದು ನನ್ನನ್ನು ನೋಡುವುದು, ನಾನು ಗುಂಡಿ ಒತ್ತುವುದು. ಹೀಗೇ ಇನ್ನೊಂದು ವರ್ಷ ನಡೆದಿದ್ದರೆ ನಾನು ಕ್ಯಾಮೆರಾವನ್ನು ಕಪಾಟಿಗೆ ಎಸೆಯುತ್ತಿದ್ದೆ.

ಆಗ ಹ್ಯಾರೋ ಕಡೆಯ ವಾರಪತ್ರಿಕೆಯೊಂದಕ್ಕೆ ಶನಿವಾರದ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯಗಳ ಫೋಟೋ ಬೇಕಾಗಿತ್ತು. ಅವರ ಫೋಟೋಗ್ರಾಫರುಗಳು ಗಂಡಸರ ಪಂದ್ಯ ಬಿಟ್ಟು ಬರುವವರಲ್ಲ. ಅದಕ್ಕಾಗಿಯೇ ನನಗೆ ಅವಕಾಶ ಸಿಕ್ಕಿತು, ನನ್ನ ಪ್ರತಿಭೆ ನೋಡಿಯಲ್ಲ. ಇರಲಿ, ಸಿಕ್ಕಿದ್ದು ಸಿಕ್ಕಿತು. ಫೋಟೋ ವಿಭಾಗ ನೋಡಿಕೊಳ್ಳುತ್ತಿದ್ದ ಸಂಪಾದಕರು, ತಿಂಗಳ ಕೊನೆಯವರೆಗೆ ನೋಡುತ್ತೇನೆ, ಸರಿಬಂದರೆ ಈ ಋತುವಿನ ಪಂದ್ಯಗಳೆಲ್ಲ ನಿಮ್ಮವೇ ಎಂದರು. ನಾನು ಕೂಡಲೇ ಹೋಗಿ ದೂರದ್ದನ್ನು ಹತ್ತಿರ ಮಾಡುವ ಉದ್ದನೆಯ ಲೆನ್ಸೊಂದನ್ನು ಕೊಂಡೆ. ಯಾರೋ ಬಳಸಿ ಮಾರಿದ್ದು, ತೂಕವೆಂದರೆ ಒಳ್ಳೆಯ ರುಬ್ಬುಗುಂಡಿನಷ್ಟು. ನನಗೆ ಆ ಕೆಲಸ ಬೇಕೇ ಬೇಕಾಗಿತ್ತು. ಸುಳ್ಳೇಕೆ, ಅದಕ್ಕಿಂತ ಹೆಚ್ಚಾಗಿ ಬೇರೇನನ್ನೂ ಆ ದೇಶದಲ್ಲಿ ನಾನು ಬಯಸಿರಲಿಲ್ಲ.

ಮೊದಲ ಶನಿವಾರದ ರೀಲು ತೊಳೆದು ಬಂದಾಗ ಸಂಪಾದಕರು ಅದನ್ನು ಬೆಳಕಿನ ಮೇಜಿನ ಮೇಲೆ ಹಾಸಿ ಭೂತಗನ್ನಡಿ ಇಟ್ಟು ನೋಡಿದರು. ಹುಲ್ಲು ಸ್ಪಷ್ಟ, ಹಿಂದಿನ ಬೇಲಿ ಸ್ಪಷ್ಟ, ಹುಡುಗಿಯರು ಮಾತ್ರ ಮಂಜು ಮಂಜು. ಅವರು ಬಯ್ಯಲಿಲ್ಲ. ಲೆನ್ಸು ನಿಮಗೆ ಭಾರವಾಯಿತೇನೋ, ಶಾಲೆಗಳ ಬಹುಮಾನ ವಿತರಣೆಗೆ ಹೋಗುತ್ತೀರಾ, ಅಲ್ಲಿ ಎಲ್ಲರೂ ನಿಂತಿರುತ್ತಾರೆ ಎಂದರು. ತುಂಬ ಮೃದುವಾಗಿ ಹೇಳಿದರು. ನನ್ನ ಪಿತ್ತ ನೆತ್ತಿಗೇರಿದ್ದು ಆ ಮೃದುತನಕ್ಕೆ. ತಿಂಗಳು ಇನ್ನೂ ಮುಗಿದಿಲ್ಲವಲ್ಲ ಎಂದಷ್ಟೇ ಹೇಳಿ ಎದ್ದು ಬಂದೆ.

ಲೆನ್ಸು ಮಾರಿದ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಗಾಜಿನಾಚೆಯ ಬಸ್ ಸ್ಟಾಪಿಗೆ ಗುರಿಯಿಟ್ಟ. ಟಕ್ಕೆಂದು ಹಿಡಿಯಿತು. ಎದುರಿನ ಬೋರ್ಡಿಗೆ ಗುರಿಯಿಟ್ಟ, ಅದನ್ನೂ ಹಿಡಿಯಿತು. ಲೆನ್ಸಿಗೇನೂ ಆಗಿಲ್ಲ ಎಂದು ವಾಪಸು ಕೊಟ್ಟು, ನನ್ನ ಕೈಗಳನ್ನು ನೋಡಿದ. ಆಮೇಲೆ ಹಗುರವಾದ ಇನ್ನೊಂದು ಲೆನ್ಸು ತೋರಿಸಿದ. ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಎತ್ತಿಳಿಸುವ ಕೈಗಳಿವು ಎಂದು ಹೇಳಬೇಕೆನಿಸಿತು. ಅವನಿಗೆ ಯಾಕೆ ಹೇಳಬೇಕು ಎಂದು ಬಿಟ್ಟೆ.

ಮನೆಯಲ್ಲಿ ಗಂಡನದ್ದು ಇನ್ನೊಂದು ರಾಗ. "ಸೀಮಂತದ್ದ್ ಫೋಟೋ ತೆಗಿ, ಸಾಕ್. ಅಲ್ಲಿ ಯಾರ್ ಓಡ್ತ್ರ್?"

"ನಂಗೆ ಓಡುವರೇ ಬೇಕ್," ಎಂದೆ.

ಆಮೇಲೆ ಕ್ಯಾಮೆರಾದ ಕೈಪಿಡಿ ಹಿಡಿದು ಕೂತೆ. ಅದರಲ್ಲಿ ಹೇಳಿದ್ದನ್ನೆಲ್ಲ ಮಾಡಿದೆ. ಒಂದೇ ಸಲ ಫೋಕಸ್ ಹಿಡಿದು ನಿಲ್ಲುವ ಕ್ರಮ ಬಿಟ್ಟು, ಎದುರಿನವರು ಚಲಿಸಿದಂತೆಲ್ಲ ಹಿಂಬಾಲಿಸುವ ಕ್ರಮಕ್ಕೆ ತಿರುಗಿಸಿದೆ. ಅಕ್ಕಪಕ್ಕದ ಫೋಕಸ್ ಚುಕ್ಕೆಗಳನ್ನು ಬಿಟ್ಟು ನಡುವಿನದೊಂದನ್ನೇ ಇಟ್ಟುಕೊಂಡೆ. ವೇಗದ ಫಿಲ್ಮು ಹಾಕಿದೆ. ಹಿಂದೆ ಬೇಲಿ ಬರದ ಹಾಗೆ ಮೈದಾನದ ಇನ್ನೊಂದು ಮಗ್ಗುಲಿಗೆ ಹೋಗಿ ಮಂಡಿಯೂರಿದೆ. ಆ ಶನಿವಾರದ ಪಂದ್ಯ ಹೌನ್ಸ್ಲೋದಲ್ಲಿ, ತಲೆಯ ಮೇಲೆ ಒಂದರ ಹಿಂದೊಂದು ವಿಮಾನ ಇಳಿಯುತ್ತಿದ್ದ ಮೈದಾನದಲ್ಲಿ. ಮಂಡಿ ಒದ್ದೆಯಾಯಿತು, ಸೊಂಟ ಹಿಡಿಯಿತು. ಲೆನ್ಸು ಜಪ್ಪಯ್ಯ ಎಂದರೂ ಒಬ್ಬ ಹುಡುಗಿಯನ್ನೂ ಸರಿಯಾಗಿ ಹಿಡಿಯಲಿಲ್ಲ. ಬಾಕಿ ಉಳಿದದ್ದು ತಿಂಗಳ ಕೊನೆಯ ಶನಿವಾರವೊಂದೇ.

ಮರುದಿನ ಹಟಕ್ಕೆ ಬಿದ್ದು ಅತ್ತೆಯನ್ನು ಹಿತ್ತಿಲಿಗೆ ಕರೆದೆ. ಸೀರೆಯ ಮೇಲೆ ಮಗನ ದಪ್ಪ ಸ್ವೆಟರು, ಕಾಲಿಗೆ ಸಾಕ್ಸು, ಅದರ ಮೇಲೆ ಹವಾಯಿ ಚಪ್ಪಲಿ ಹಾಕಿಕೊಂಡು ಬಂದರು. ಈ ಬೇಲಿಯಿಂದ ಆ ಬೇಲಿಗೆ ಬೇಗ ಬೇಗ ನಡೆಯಬೇಕು ಎಂದೆ. ಅವರು ಸೀರೆ ಎತ್ತಿ ಸಿಕ್ಕಿಸಿ ಹೊರಟರು. ನಾನು ಲೆನ್ಸನ್ನು ಅವರ ಹಿಂದೆ ಬೀಸಿದೆ. ಝುಂಯ್, ಅತ್ತೆ ಮಂಜು. ಮತ್ತೆ ನಡೆಸಿದೆ, ಮತ್ತೆ ಮಂಜು. ಪಕ್ಕದ ಮನೆಯ ಮುದುಕ ಬಟ್ಟೆ ಒಣಹಾಕುವ ನೆಪದಲ್ಲಿ ನಮ್ಮನ್ನೇ ನೋಡುತ್ತಿದ್ದ.

"ಎಷ್ಟ್ ಸಲ ಓಡುದ್ ಹೆಣೆ? ಕಾಲ್ ಬಿದ್ದ್ ಹೋಯ್ತ್," ಎಂದರು ಅತ್ತೆ. ಎಂದರೇ ಹೊರತು ನಿಲ್ಲಲಿಲ್ಲ.

ಅವರು ಏದುಸಿರು ಬಿಡುತ್ತಾ ತಿರುಗಿ ಬರುವಾಗ ನನಗೆ ಹೊಳೆಯಿತು. ಇಲ್ಲಿ ಚಲಿಸುತ್ತಿರುವವರು ಇಬ್ಬರು. ಅತ್ತೆ ನಡೆಯುತ್ತಾರೆ, ನಾನು ಕ್ಯಾಮೆರಾ ತಿರುಗಿಸುತ್ತೇನೆ. ಇವೆರಡರಲ್ಲಿ ಯಾವುದು ಲೆನ್ಸಿಗೆ ಆಗಿಬರುತ್ತಿಲ್ಲ ಎಂದು ಸಂಪಾದಕರೂ ಕೇಳಿರಲಿಲ್ಲ, ಅಂಗಡಿಯವನೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಕ್ಯಾಮೆರಾವನ್ನು ಕಸದ ಡಬ್ಬಿಯ ಮುಚ್ಚಳದ ಮೇಲೆ ಊರಿ, ಅಲುಗಾಡಿಸದೆ, ಅತ್ತೆಯನ್ನು ನೇರ ನನ್ನತ್ತ ನಡೆದು ಬರಲು ಹೇಳಿದೆ. ಲೆನ್ಸು ಹೆಜ್ಜೆಹೆಜ್ಜೆಗೂ ಅವರ ಮುಖ ಹಿಡಿಯಿತು, ಮೂಗುತಿಯ ಹರಳು ಕೂಡ ಕಂಡಿತು. ಈಗ ಅಲ್ಲೇ ನಿಂತುಬಿಡಿ ಎಂದು, ಕ್ಯಾಮೆರಾ ಕೈಗೆತ್ತಿಕೊಂಡು ಎಡಕ್ಕೂ ಬಲಕ್ಕೂ ಬೀಸಿದೆ. ಅತ್ತೆ ಕಂಬದ ಹಾಗೆ ನಿಂತಿದ್ದರೂ ಲೆನ್ಸು ತಡಕಾಡತೊಡಗಿತು.

ಹಾಗಾದರೆ ತಪ್ಪು ಓಡುವವರಲ್ಲಿಲ್ಲ, ನನ್ನ ಕೈಯಲ್ಲೇ ಇದೆ. ಎಲ್ಲರೂ ಹೇಳಿದ್ದು ನಿಜವೇ ಇರಬೇಕು ಅನ್ನಿಸಿತು. ಅಲ್ಲಿಗೇ ಬಿಟ್ಟುಬಿಡುವಷ್ಟು ಬೇಜಾರಾಯಿತು. ಆದರೆ ನಾನು ಬಿಡುವ ಪೈಕಿ ಅಲ್ಲ. ಒಳಗೆ ಹೋಗಿ ಸೀಮಂತಗಳಿಗೆ ಒಯ್ಯುತ್ತಿದ್ದ ಹಳೆಯ ಚಿಕ್ಕ ಲೆನ್ಸು ತಂದು ಸಿಕ್ಕಿಸಿ, ಅದೇ ಕೈಯಿಂದ ಅಷ್ಟೇ ಜೋರಾಗಿ ಬೀಸಿದೆ. ಅದು ಅತ್ತೆಯನ್ನು ಬಿಡದೆ ಹಿಡಿಯಿತು. ಕೈ ಸರಿಯಿತ್ತು. ಕೆಟ್ಟದ್ದೇನಿದ್ದರೂ ದೊಡ್ಡ ಲೆನ್ಸು ಕ್ಯಾಮೆರಾಕ್ಕೆ ಕೂಡುವ ಜಾಗದಲ್ಲಿತ್ತು.

ದೊಡ್ಡ ಲೆನ್ಸನ್ನು ಬೆಳಕಿಗೆ ಹಿಡಿದು ಹಿಂಬದಿ ನೋಡಿದೆ. ಅಲ್ಲಿ ಬಂಗಾರದ ಬಣ್ಣದ ಪುಟ್ಟ ಚುಕ್ಕೆಗಳ ಸಾಲಿದೆ. ಕ್ಯಾಮೆರಾದಿಂದ ಲೆನ್ಸಿಗೆ ವಿದ್ಯುತ್ತು, ಅಪ್ಪಣೆ ಎಲ್ಲ ಹೋಗುವುದು ಆ ಚುಕ್ಕೆಗಳ ಮೂಲಕ. ಅವುಗಳ ಮೇಲೂ ನಡುವಿನ ಸಂದಿನಲ್ಲೂ ಏನೋ ಇಟ್ಟಿಗೆ ಬಣ್ಣದ್ದು ಒಣಗಿ ಹಕ್ಕಳೆಗಟ್ಟಿತ್ತು. ಉಗುರಿನಿಂದ ಕೆರೆದು ಮೂಸಿದೆ. ಶ್ರೀಗಂಧ.

ಅತ್ತೆ ನನ್ನ ಹೆಗಲ ಮೇಲಿಂದ ಇಣುಕಿ, ನನಗಿಂತ ಮೊದಲೇ ತಿಳಿದುಕೊಂಡು, ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಲೆನ್ಸು ಕೊಂಡ ವಾರವೇ, ಮೊದಲ ಪಂದ್ಯಕ್ಕೂ ಮುಂಚೆ, ಆಯುಧಪೂಜೆ ಬಂದಿತ್ತು; ಆ ದಿನ ನಾನು ಗೋದಾಮಿನಲ್ಲಿದ್ದೆ. ಮನೆಯಲ್ಲಿ ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಮಿಕ್ಸಿ, ಹೊಲಿಗೆ ಮಿಷನ್ನು, ಕಾರಿನ ಕೀಲಿ, ಮಗನ ಹೋಟೆಲಿನ ಚೂರಿ, ಸೌಟು ಎಲ್ಲ ಇಟ್ಟು, ಜೊತೆಗೆ ನನ್ನ ಕ್ಯಾಮೆರಾವನ್ನೂ ಹೊಸ ಲೆನ್ಸನ್ನೂ ಇಟ್ಟಿದ್ದರು. ಬೊಟ್ಟು ಎಲ್ಲಿಡಬೇಕು ಎಂಬ ಪ್ರಶ್ನೆ ಬಂತು. ಕಾರಿಗಾದರೆ ಸ್ಟಿಯರಿಂಗಿಗೆ, ಹೊಲಿಗೆ ಮಿಷನ್ನಿಗಾದರೆ ಚಕ್ರಕ್ಕೆ. ಈ ಲೆನ್ಸಿನ ಜೀವ ಎಲ್ಲಿದೆ ಎಂದು ಅತ್ತೆ ಮಗನನ್ನು ಕೇಳಿದರು. ಮಗರಾಯ ತನಗೆಲ್ಲ ಗೊತ್ತಿರುವವರ ಹಾಗೆ ಲೆನ್ಸನ್ನು ಕಳಚಿ, ಇಗೋ ಇಲ್ಲಿ, ಕರೆಂಟು ಹೋಗುವುದು ಇದರಲ್ಲೇ ಎಂದು ಬಂಗಾರದ ಚುಕ್ಕೆಗಳನ್ನು ತೋರಿಸಿದ್ದರು. ಅತ್ತೆ ಭಕ್ತಿಯಿಂದ ಅಲ್ಲಿಗೇ ಗಂಧ ಹಚ್ಚಿ, ಮೇಲೆ ಕುಂಕುಮ ಇಟ್ಟಿದ್ದರು. ವಿಜಯದಶಮಿಯ ದಿನ ಗಂಡ ಅದನ್ನು ಟವೆಲಿನ ತುದಿಯಿಂದ ಒಂದು ಸಲ ಒರೆಸಿ, ಮತ್ತೆ ಸಿಕ್ಕಿಸಿ, ಬಾಯಿ ಮುಚ್ಚಿಕೊಂಡಿದ್ದರು. ನನ್ನ ಲೆನ್ಸು ಮುಟ್ಟಬೇಡಿ ಎಂದು ಅವರಿಗೆ ಮೊದಲೇ ಹೇಳಿದ್ದೆನಲ್ಲ. ಕ್ಯಾಮೆರಾ ಅಲುಗದಿದ್ದರೆ ಚುಕ್ಕೆಗಳು ಹೇಗೋ ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು. ಓಡುವ ಹುಡುಗಿಯ ಹಿಂದೆ ಬೀಸಿದಾಗ ಆ ಭಾರದ ಲೆನ್ಸು ಕೂದಲೆಳೆಯಷ್ಟು ಜಗ್ಗುತ್ತಿತ್ತು, ಸಂಪರ್ಕ ತಪ್ಪುತ್ತಿತ್ತು. ಚಿಕ್ಕ ಲೆನ್ಸಿಗೆ ಬೊಟ್ಟು ಬಿದ್ದಿರಲಿಲ್ಲ.

"ನನ್ನ್ ಗಂಧವೇ ನಿನ್ನ್ ಕೆಲ್ಸ ಹಾಳ್ ಮಾಡ್ತ್ ಅಲ್ದಾ ಹೆಣೆ," ಎಂದರು ಅತ್ತೆ. "ಇನ್ ಮೇಲೆ ನಾನ್ ಅದನ್ ಮುಟ್ಟುದಿಲ್ಲೆ."

"ಗಂಧದ್ದ್ ಎಂತ ತಪ್ಪಿಲ್ಲೆ ಅತ್ತೆ. ಸಮಾ ಒರ್ಸದೆ ಇದ್ದದ್ದ್ ನಿಮ್ಮ್ ಮಗ," ಎಂದೆ.

ಅವರು ನಗಲಿಲ್ಲ. ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡರು. ನನಗೆ ಗಂಡನ ಮೇಲೆ ಸಿಟ್ಟು ಬಂದಿತ್ತು, ಅಂಗಡಿಯವನ ಮೇಲೆ, ಸಂಪಾದಕರ ಮೇಲೆ ಬಂದಿತ್ತು. ಅತ್ತೆಯ ಮೇಲೆ ಎಳ್ಳಷ್ಟೂ ಬರಲಿಲ್ಲ. ಉಳಿದವರಿಗೆಲ್ಲ ನನ್ನ ಕ್ಯಾಮೆರಾ ಬಿಡುವಿನ ವೇಳೆಯ ಹುಚ್ಚು. ಅದನ್ನು ಅನ್ನ ಕೊಡುವ ಸೌಟಿನ ಪಕ್ಕದಲ್ಲಿಟ್ಟು ಇದೂ ಒಂದು ಆಯುಧ ಎಂದು ಒಪ್ಪಿಕೊಂಡವರು ಇಡೀ ಲಂಡನ್ನಿನಲ್ಲಿ ಅವರೊಬ್ಬರೇ.

ಕೆಮಿಸ್ಟ್ ಅಂಗಡಿಯಿಂದ ಸ್ಪಿರಿಟ್ ತಂದೆ. ಹತ್ತಿಯ ಬಟ್ಟೆಯನ್ನು ಹಲ್ಲುಕಡ್ಡಿಗೆ ಸುತ್ತಿ, ಅದ್ದಿ, ಒಂದೊಂದೇ ಚುಕ್ಕೆಯನ್ನು ಹೊಳೆಯುವವರೆಗೆ ಉಜ್ಜಿದೆ. ಕ್ಯಾಮೆರಾದ ಕಡೆಯ ಚುಕ್ಕೆಗಳನ್ನೂ ಬಿಡಲಿಲ್ಲ. ಲೆನ್ಸು ಸಿಕ್ಕಿಸಿ ಎದ್ದಾಗ ನೋಡುತ್ತೇನೆ, ಅತ್ತೆ ಯಾರೂ ಹೇಳದೆಯೇ ಬೇಲಿಯ ಹತ್ತಿರ ಹೋಗಿ ಸೀರೆ ಸಿಕ್ಕಿಸಿಕೊಳ್ಳುತ್ತಿದ್ದರು. ಈ ಸಲ ನಡೆಯಲಿಲ್ಲ, ಓಡಿದರು. ಎಪ್ಪತ್ತರ ಹತ್ತಿರದ ಹೆಂಗಸು, ಚಪ್ಪಲಿ ಒಂದು ಕಡೆ ಹಾರಿತು. ನಾನು ಬೀಸಿದೆ. ಲೆನ್ಸು ಅವರನ್ನು ಆ ತುದಿಯವರೆಗೂ ಬಿಡಲಿಲ್ಲ.

ತಿಂಗಳ ಕೊನೆಯ ಶನಿವಾರ ಮೈದಾನವೆಲ್ಲ ಕೆಸರು. ಎಡಬದಿಯಿಂದ ಒಬ್ಬ ಸಣಕಲು ಹುಡುಗಿ ಇಬ್ಬರನ್ನು ತಪ್ಪಿಸಿಕೊಂಡು ನನ್ನೆದುರಿನಿಂದ ಅಡ್ಡಲಾಗಿ ನುಗ್ಗಿದಳು. ಬೀಸಿ ಹಿಡಿದೆ, ಹಿಡಿದುಕೊಂಡೇ ಒತ್ತಿದೆ. ಕ್ಯಾಮೆರಾದ ಕಿಂಡಿಯೊಳಗೆ ಅವಳ ರೆಪ್ಪೆಗೆ ಸಿಡಿದ ಕೆಸರು ಕಾಣುತ್ತಿತ್ತು. ನನ್ನ ಕಣ್ಣೂ ಒದ್ದೆಯಾಗಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಂಪಾದಕರು ಬೆಳಕಿನ ಮೇಜಿನ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದರು. ಭೂತಗನ್ನಡಿ ಆ ಹುಡುಗಿಯ ಮೇಲೆ ಬಂದು ನಿಂತಿತು. ಲೆನ್ಸಿಗೆ ಏನಾಗಿತ್ತು ಎಂದು ಕೇಳಿದರು. ಬ್ಯಾಟರಿ ಎಂದು ಹೇಳಿ ಮುಗಿಸಬಹುದಿತ್ತು. ಅತ್ತೆ ಪೂಜೆ ಮಾಡಿದ್ದರು ಎಂದೆ. ಕೆಲಸದ ಸಲಕರಣೆಗಳನ್ನು ವರ್ಷಕ್ಕೊಮ್ಮೆ ಪೂಜಿಸುತ್ತೇವೆ, ಗಂಧ ಒಳಗೆ ಹೋಗಿತ್ತು, ಒರೆಸಿದೆ ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕುರ್ಚಿಗೆ ಒರಗಿ ನಕ್ಕರು. ಪಕ್ಕದ ಮೇಜಿನವರೂ ತಿರುಗಿ ನಕ್ಕರು. ಇನ್ನು ಮೇಲೆ ಅದೆಲ್ಲ ಬೇಡ ಅಲ್ಲವೇ ಎಂದರು.

ಮುಂದಿನ ವರ್ಷವೂ ಮಾಡುತ್ತೇವೆ ಎಂದೆ. ಪೂಜೆಗಿಟ್ಟ ದಿನ ಕ್ಯಾಮೆರಾವನ್ನು ನಾನು ಮುಟ್ಟುವುದಿಲ್ಲ, ಆ ದಿನ ಶನಿವಾರ ಬಿದ್ದರೆ ನಿಮ್ಮ ಪಂದ್ಯಕ್ಕೆ ಬೇರೆ ಯಾರನ್ನಾದರೂ ಕಳಿಸಿ ಎಂದೂ ಹೇಳಿದೆ. ಆ ಕೆಲಸ ಇನ್ನೂ ನನ್ನ ಕೈಗೆ ಬಂದಿರಲಿಲ್ಲ. ಆದರೂ ಕೂತಲ್ಲಿಂದ ಏಳಲಿಲ್ಲ, ಕಣ್ಣು ತಗ್ಗಿಸಲೂ ಇಲ್ಲ.

ಅವರ ನಗು ನಿಂತಿತು. ಮೇಜಿನ ಮೇಲಿನ ಹುಡುಗಿಯನ್ನು ಇನ್ನೊಮ್ಮೆ ನೋಡಿದರು. ಆ ದಿನ ಯಾವುದೆಂದು ಮೊದಲೇ ತಿಳಿಸಿ ಎಂದರು. ಆಮೇಲೆ, ಉಳಿದ ಶನಿವಾರಗಳೆಲ್ಲ ನಿಮ್ಮವು ಎಂದರು.