ಮೀಟರಣ್ಣನ ಏಳು ಲೈಟುಗಳು

ನನ್ನ ಸೈಕಲ್ ಅಂಗಡಿಯ ಕೆಳಗಿನ ಡ್ರಾಯರಿನಲ್ಲಿ ಏಳು ಲೈಟುಗಳಿವೆ. ಏಳನ್ನೂ ಮೀಟರಣ್ಣ ಆ ರಿಯಾಯಿತಿ ಸೂಪರ್ ಮಾರ್ಕೆಟ್ಟಿನಿಂದ ತಂದದ್ದು. ಏಳನ್ನೂ ನಾನೇ ಅವರ ಸೈಕಲ್ಲಿಗೆ ಕೂರಿಸಿ, ನಾನೇ ಬಿಚ್ಚಿ, ದರಿದ್ರ ಮಾಲು ಎಂದು ಬೈದು ಡ್ರಾಯರಿಗೆ ಎಸೆದದ್ದು. ಹೋದ ವಾರ ಶಟರ್ ಅರ್ಧ ಎಳೆದುಕೊಂಡು, ಹೊಸ ಸೆಲ್ ಹಾಕಿ ಒಂದೊಂದನ್ನೇ ಹೊತ್ತಿಸಿ ನೋಡಿದೆ. ಏಳೂ ಚೆನ್ನಾಗಿ ಉರಿದವು. ಎದುರು ಗೋಡೆಗೆ ತೂಗುಹಾಕಿದ ಚೈನುಗಳ ಒಂದೊಂದು ಕೊಂಡಿಯೂ ಕಾಣುವಷ್ಟು ಬೆಳಕಿತ್ತು. ಮೀಟರಣ್ಣನ ಕಣ್ಣು ಹೋದದ್ದರಲ್ಲಿ ನನ್ನ ಬಾಯಿಯ ಪಾಲೂ ಇದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳುವುದು ಸಲೀಸು.

ಮೀಟರಣ್ಣ ನೀರಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸದವರು. ಇಪ್ಪತ್ತಾರು ವರ್ಷ ಅದೇ ಕೆಲಸ, ಅದೇ ಸೈಕಲ್ಲು. ಮನೆಮನೆಯ ಕಾಂಪೌಂಡಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಮುಚ್ಚಳ ಎತ್ತಿ, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಇರುವೆ ಗಾತ್ರದ ಅಂಕಿಗಳನ್ನು ಓದಿ ಬರೆದುಕೊಳ್ಳುವುದು. ಐವತ್ತೈದು ದಾಟಿದರೂ ಕನ್ನಡಕ ಹತ್ತಿರ ಸುಳಿದಿರಲಿಲ್ಲ. ಅದರ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು. "ನನ್ನಂಥವರನ್ನ ನಂಬ್ಕೊಂಡ್ರೆ ಕನ್ನಡಕದ ಅಂಗಡಿಯವರು ಉಪವಾಸ ಬೀಳ್ತಾರೆ" ಎನ್ನುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಅವರಿಗೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬಿಸಿ ಹಬೆಯಲ್ಲಿ ನಿಂತು ಹಾಸಿಗೆ ಬಟ್ಟೆ ಉಜ್ಜಬೇಕು. ಬಸ್ಸಿನಲ್ಲಿ ಬರುವುದಾದರೆ ಎರಡು ಕಡೆ ಇಳಿದು ಹತ್ತಬೇಕು, ಸೀಟು ಸಿಗುವ ಮಾತೇ ಇಲ್ಲ. ಹಾಗಾಗಿ ದಿನಾ ಆರು ಗಂಟೆಗೆ ಮೀಟರಣ್ಣ ಲಾಂಡ್ರಿ ಗೇಟಿನಲ್ಲಿ ಹಾಜರ್. ಅತ್ತಿಗೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕ್ಯಾರಿಯರ್ ಮೇಲೆ ಕೂತು, ಗಂಡನ ಅಂಗಿಯ ಬೆನ್ನು ಹಿಡಿದುಕೊಂಡರೆ ಮನೆ ಬರುವವರೆಗೂ ಇಬ್ಬರದೂ ಜಗಳ. ನನ್ನ ಅಂಗಡಿ ಮುಂದೆ ಹಾಯುವಾಗ ದಿನಕ್ಕೊಂದು ವಾಕ್ಯ ನನ್ನ ಕಿವಿಗೆ ಬೀಳುತ್ತಿತ್ತು. ಒಂದು ದಿನ "ಉಪ್ಪು ಮರೆತಿದ್ದು ನೀನು", ಮರುದಿನ "ಮರೆತಿದ್ದು ನೀವೇ". ಒಂದೇ ಜಗಳವನ್ನು ಇಷ್ಟು ದಿನ ಹೇಗೆ ಎಳೆಯುತ್ತೀರಿ ಅತ್ತಿಗೆ ಎಂದು ಕೇಳಿದ್ದಕ್ಕೆ ಅವರು ನಕ್ಕಿದ್ದರು. "ದಿನಕ್ಕೆ ನಾನು ಕೂತ್ಕೊಳ್ಳೋದು ಅಂದ್ರೆ ಈ ಕ್ಯಾರಿಯರ್ ಮೇಲೆ ಅಷ್ಟೇ ಕಣಪ್ಪ. ಕೂತಾಗ ಎರಡು ಮಾತಾಡ್ಬೇಡ್ವಾ?"

ಇನ್ನು ಆ ಸೂಪರ್ ಮಾರ್ಕೆಟ್ಟು. ಅದರ ಹೆಸರು ಕೇಳಿದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಅಕ್ಕಿ, ಸೋಪು, ಎಣ್ಣೆ ಮಾರಿಕೊಂಡು ಇರಬಾರದೆ? ವರ್ಷಕ್ಕೆ ಎರಡು ಸಲ 'ಸೈಕಲ್ ವಾರ' ಎಂದು ಪತ್ರಿಕೆಯೊಳಗೆ ಬಣ್ಣದ ಕಾಗದ ಇಟ್ಟು ಕಳಿಸುತ್ತಾರೆ. ಬಿಸ್ಕತ್ತಿನ ಸಾಲಿಗೂ ಪೊರಕೆಯ ಸಾಲಿಗೂ ನಡುವೆ ದೊಡ್ಡ ತಂತಿಬುಟ್ಟಿಗಳಲ್ಲಿ ಹೆಲ್ಮೆಟ್, ಕೈಗವಸು, ಪಂಪು, ಬೆಲ್ಲು, ಲೈಟು ರಾಶಿ ಹಾಕುತ್ತಾರೆ. ಟೊಮೆಟೊ ತರಲು ಹೋದವರು ಹೆಲ್ಮೆಟ್ ಹಾಕಿಕೊಂಡು ವಾಪಸು ಬರುತ್ತಾರೆ. ಬಂದವರು ನೇರ ನನ್ನ ಹತ್ತಿರ: "ಮೇಸ್ತ್ರಿ, ಇದೊಂದು ಫಿಟ್ ಮಾಡ್ಕೊಡಿ." ಮದುವೆ ಅಲ್ಲಿ, ಬಾಣಂತನ ಇಲ್ಲಿ. ನನ್ನ ಗಾಜಿನ ಕಪಾಟಿನಲ್ಲಿ ಒಳ್ಳೆಯ ಲೈಟುಗಳು ಧೂಳು ತಿನ್ನುತ್ತಾ ಕೂತವು.

ಮೀಟರಣ್ಣ ಆ ವಾರಕ್ಕೆ ಕಾದು ಕೂತಿರುವ ಗಿರಾಕಿ. ಅದು ಶುರುವಾಗುವ ಗುರುವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿ ನಿಂತಿರುತ್ತಿದ್ದರು. ಮೊದಲು ತಂದದ್ದು ಕ್ಯಾರಿಯರ್ ಮೇಲೆ ಹಾಕುವ ಮೆತ್ತೆ, ಅತ್ತಿಗೆಗೆ. ಅದು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆಮೇಲೆ ಒಂದು ಪಂಪು, ಎರಡನೇ ದಿನಕ್ಕೆ ಅದರ ಹಿಡಿ ಕೈಗೆ ಬಂತು. ನಾನು ಅದನ್ನು ಅಂಗಡಿ ಬಾಗಿಲಿಗೆ ನೇತುಹಾಕಿ ಬಂದವರಿಗೆಲ್ಲ ತೋರಿಸಿದೆ.

ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಮೊದಲ ಲೈಟು ಬಂತು. ಎರಡು ವಾರಕ್ಕೆ ಮೀಟರಣ್ಣ ಬಂದರು.

"ಮೇಸ್ತ್ರಿ, ಇದು ಬೆಳಕೇ ಕೊಡಲ್ಲ. ಕತ್ತಲಾಗ್ತಿದ್ದ ಹಾಗೆ ರೋಡೇ ಕಾಣಲ್ಲ."

"ಎಲ್ಲಿಂದ ತಂದಿದ್ದು ಅಣ್ಣ?"

"ಅದೇ ಅಲ್ಲಿಂದ."

"ಮತ್ತೆ? ಬೇಳೆ ಅಂಗಡೀಲಿ ಲೈಟ್ ತಗೊಂಡ್ರೆ ಬೇಳೆಯಷ್ಟೇ ಬೆಳಕು ಬರೋದು."

ಇಬ್ಬರೂ ನಕ್ಕೆವು. ಅವರು ಮುಂದಿನ ಸೈಕಲ್ ವಾರಕ್ಕೆ ಅದಕ್ಕಿಂತ ದೊಡ್ಡದು ತಂದರು. ಅದೂ ಸಾಲದು ಎಂದರು. ಒಂದರ ಜೊತೆಗೆ ಇನ್ನೊಂದು ಹಾಕಿದರು. ಪ್ರತಿ ಸಲವೂ ನಾನು ಬಿಚ್ಚುವಾಗ ಸೂಪರ್ ಮಾರ್ಕೆಟ್ಟಿನ ಜನ್ಮ ಜಾಲಾಡುತ್ತಿದ್ದೆ. ಒಂದು ಸಲವೂ ಗುಂಡಿ ಒತ್ತಿ ನೋಡಲಿಲ್ಲ. ನೋಡುವುದೇನು, ನನಗೆ ಗೊತ್ತಿತ್ತಲ್ಲ!

ಲೈಟುಗಳ ನಡುವೆ ಬೇರೆ ಸಾಮಾನುಗಳೂ ಬಂದವು. ದೊಡ್ಡ ಶಬ್ದದ ಬೆಲ್ಲು, ಯಾಕೆಂದರೆ "ಜನ ಇದ್ದಕ್ಕಿದ್ದ ಹಾಗೆ ಪಕ್ಕದಿಂದ ನುಗ್ತಾರೆ ಮಾರಾಯ." ಎರಡೂ ಕಡೆಗೆ ಕನ್ನಡಿ, ಯಾಕೆಂದರೆ "ಗಾಡಿಗಳು ಎಲ್ಲಿಂದ ಬರ್ತಾವೋ ಗೊತ್ತೇ ಆಗಲ್ಲ." ಮಿಂಚುವ ಪಟ್ಟಿಯ ಕಿತ್ತಳೆ ಜಾಕೀಟು. ಸಂಜೆ ಹೊತ್ತು ಸ್ಪಷ್ಟ ಕಾಣಲಿ ಎಂದು ಹಳದಿ ಗಾಜಿನ ಕನ್ನಡಕ. ಸೈಕಲ್ಲು ಮದುಮಗನ ಹಾಗೆ ಸಿಂಗಾರವಾಯಿತು. "ಇನ್ನೊಂದು ಸೈರನ್ ಬಾಕಿ ಅಣ್ಣ, ಹಾಕ್ಬಿಟ್ರೆ ಮಂತ್ರಿ ಗಾಡಿ" ಎಂದು ನಾನು ರೇಗಿಸಿದೆ. ಒಂದೊಂದು ಸಾಮಾನು ತಂದಾಗಲೂ ಆ ಮನುಷ್ಯ ತನಗೇನಾಗುತ್ತಿದೆ ಎಂದು ನನಗೆ ಬಾಯಿಬಿಟ್ಟು ಹೇಳುತ್ತಿದ್ದರು. ನನ್ನ ಕಿವಿಗೆ ಬೀಳುತ್ತಿದ್ದದ್ದು ಅಂಗಡಿಯ ಹೆಸರು ಮಾತ್ರ.

ಏಳನೇ ಲೈಟನ್ನು ಅವರು ವಾಪಸು ಕೊಡಲು ಹೋದರು. ಬಿಲ್ಲು ತೋರಿಸಿದರೆ ಒಂದು ತಿಂಗಳೊಳಗೆ ವಾಪಸು ತೆಗೆದುಕೊಳ್ಳುತ್ತಾರಂತೆ. ಆ ಕೌಂಟರಿನ ಹೆಂಗಸು ಲೈಟನ್ನು ಒಂದು ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಹಿಡಿದು ಹೊತ್ತಿಸಿ ನೋಡಿದಳಂತೆ. ಮೀಟರಣ್ಣ ಅದೇ ಲೈಟು ಹಿಡಿದುಕೊಂಡು ಅಲ್ಲಿಂದ ಕೆಂಡವಾಗಿ ನನ್ನ ಅಂಗಡಿಗೆ ಬಂದರು.

"ಏನಂದ್ಲು ಗೊತ್ತಾ ಮೇಸ್ತ್ರಿ? 'ಅಂಕಲ್, ಲೈಟ್ ಚೆನ್ನಾಗಿದೆ, ನೀವು ಒಂದ್ಸಲ ಕಣ್ಣು ತೋರಿಸ್ಕೊಳ್ಳಿ' ಅಂದ್ಲು. ನನಗೆ!"

ನನ್ನ ರಕ್ತವೂ ಕುದಿಯಿತು. "ಇವರ ಮಾಲು ಕೆಟ್ಟರೆ ನಿಮ್ಮ ಕಣ್ಣು ಕೆಟ್ಟಿದೆ ಅಂತಾರಾ? ಬನ್ನಿ ಇಲ್ಲಿ" ಎಂದು ಟ್ಯೂಬಿನ ಡಬ್ಬಿಯೊಂದನ್ನು ಕೈಗೆ ಕೊಟ್ಟೆ. ಅದರ ತಳದಲ್ಲಿ ನನಗೆ ಭೂತಗನ್ನಡಿ ಬೇಕಾಗುವಂಥ ಅಕ್ಷರ. ಮೀಟರಣ್ಣ ನಿಂತ ನಿಲುವಿನಲ್ಲೇ ಅಳತೆ, ತಯಾರಾದ ತಿಂಗಳು, ಕಾರ್ಖಾನೆಯ ವಿಳಾಸ, ಎಲ್ಲವನ್ನೂ ಗಡಗಡ ಓದಿದರು.

"ಆಯ್ತಲ್ಲ. ಹೋಗಿ ಹೇಳಿ ಅವಳಿಗೆ" ಎಂದೆ ನಾನು, ದೊಡ್ಡ ಡಾಕ್ಟರ ಹಾಗೆ. ಅಷ್ಟಕ್ಕೇ ಬಿಡಲಿಲ್ಲ. ನನ್ನ ಕಪಾಟಿನಿಂದ ಅತ್ಯಂತ ಒಳ್ಳೆಯ ಲೈಟನ್ನು ತೆಗೆದು, ಒರೆಸಿ, ಅವರ ಹ್ಯಾಂಡಲ್ಲಿಗೆ ಬಿಗಿದೆ. "ಇದು ನನ್ನ ಕಡೆಯಿಂದ. ಲೈಟ್ ಅಂದ್ರೆ ಏನು ಅಂತ ನೋಡಿ ಈಗ."

ಎರಡು ದಿನ ಬಿಟ್ಟು ನಾನೇ ದಾರಿಯಲ್ಲಿ ತಡೆದು ಕೇಳಿದೆ. ಮೀಟರಣ್ಣ ಲೈಟನ್ನು ಒಮ್ಮೆ ಕೈಯಿಂದ ಸವರಿ, "ಚೆನ್ನಾಗಿದೆ ಮಾರಾಯ. ನಿನ್ನ ಮಾಲು ಅಂದ್ರೆ ಮಾಲು" ಎಂದರು. ಆ ಮಾತನ್ನು ನಾನು ಬಂದ ಗಿರಾಕಿಗಳಿಗೆಲ್ಲ ಒಂದು ತಿಂಗಳು ಹೇಳಿಕೊಂಡು ಮೆರೆದೆ.

ಅದಾಗಿ ಐದು ತಿಂಗಳಿಗೆ, ಒಂದು ಸಂಜೆ, ನನ್ನ ಅಂಗಡಿಯಿಂದ ನಾಲ್ಕು ಕಟ್ಟಡ ಆಚೆ ದಡ್ ಎಂದು ಸದ್ದಾಯಿತು. ರಸ್ತೆಯ ಎಡಕ್ಕೆ ಗ್ಯಾಸ್ ಸಿಲಿಂಡರಿನ ವ್ಯಾನು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ನಿಂತು ಅರ್ಧ ಗಂಟೆಯಾಗಿತ್ತು. ನಾನೇ ಕಣ್ಣಾರೆ ನೋಡಿದ್ದೆ. ಮೀಟರಣ್ಣ ನೇರ ಹೋಗಿ ಆ ಬಾಗಿಲಿಗೆ ಹೊಡೆದಿದ್ದರು. ಅವರಿಗೆ ಹಣೆ ತರಚಿತ್ತು ಅಷ್ಟೇ. ಅತ್ತಿಗೆ ಬಲಗೈ ಊರಿ ಬಿದ್ದಿದ್ದರು, ಮಣಿಕಟ್ಟು ಸೊಟ್ಟಗೆ ತಿರುಗಿತ್ತು. "ಎಲ್ಲಿಂದ ಬಂತು ಇದು? ಎಲ್ಲಿಂದ ಬಂತು?" ಎಂದು ಮೀಟರಣ್ಣ ಕೇಳುತ್ತಲೇ ಇದ್ದರು. ಸೈಕಲ್ಲು ಮಗ್ಗುಲಾಗಿ ಬಿದ್ದಿತ್ತು. ನನ್ನ ಲೈಟು ಇನ್ನೂ ಉರಿಯುತ್ತಿತ್ತು, ವ್ಯಾನಿನ ಚಕ್ರದ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳಕು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮೂಳೆ ಡಾಕ್ಟರರು ಅತ್ತಿಗೆಗೆ ಪಟ್ಟಿ ಹಾಕಿಸಿ, ನಿಂತ ವ್ಯಾನು ಕಾಣಲಿಲ್ಲವೆಂದದ್ದು ಕೇಳಿ ಮೀಟರಣ್ಣನನ್ನು ಮರುದಿನ ಕಣ್ಣಿನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಅವರನ್ನು ಒಂದು ಬೋಗುಣಿಯಂಥ ಮೆಷಿನ್ನಿನ ಮುಂದೆ ಕೂರಿಸಿ, ಕೈಗೆ ಒಂದು ಗುಂಡಿ ಕೊಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತಿರಿ, ಪಕ್ಕದಲ್ಲಿ ಎಲ್ಲಾದರೂ ಬೆಳಕು ಕಂಡರೆ ಒತ್ತಿ ಎಂದರು. ಮೀಟರಣ್ಣ ವಿಧೇಯ ವಿದ್ಯಾರ್ಥಿಯಂತೆ ಕೂತರು. ಬಹಳ ಹೊತ್ತಾಯಿತು. ಗುಂಡಿಯ ಸದ್ದು ಅಲ್ಲೊಂದು ಇಲ್ಲೊಂದು. ಕೊನೆಗೆ ಅವರೇ ಕೇಳಿದರು: "ಮೇಡಂ, ಇದರ ಲೈಟು ಸರಿಯಾಗಿ ಹತ್ತುತ್ತಿಲ್ವಾ?"

ಮೆಷಿನ್ ನಡೆಸುತ್ತಿದ್ದಾಕೆ ಗುಂಡಿಯನ್ನು ಅವರ ಕೈಯಿಂದ ತೆಗೆದುಕೊಂಡರು. ಪರೀಕ್ಷೆ ಆಗಲೇ ಮುಗಿದಿತ್ತು.

ಕಣ್ಣಿನ ಡಾಕ್ಟರು ಕಾಗದದ ಮೇಲೆ ಚಿತ್ರ ತೋರಿಸಿದರು. ಸುತ್ತ ಎಲ್ಲ ಕಪ್ಪು, ನಡುವೆ ಒಂದಿಷ್ಟು ಬಿಳಿ. "ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರ ಒಣಗಿದೆ. ಇದು ಅಂಚಿಂದ ಶುರುವಾಗುತ್ತೆ, ನೋವಿರಲ್ಲ, ನಡುವಿಂದು ಕೊನೆಗೆ ಹೋಗೋದು. ಅದಕ್ಕೇ ಅಕ್ಷರ ಓದ್ತಾರೆ. ಹೋಗಿರೋದು ವಾಪಸ್ ಬರಲ್ಲ. ಎರಡು ವರ್ಷ ಮುಂಚೆ ಬಂದಿದ್ರೆ ದಿನಾ ಒಂದು ಹನಿ ಔಷಧಿ ಹಾಕ್ಕೊಂಡು ತಡೀಬಹುದಿತ್ತು" ಎಂದರು. ಒತ್ತಡವಂತೆ. ಇಡೀ ದಿನ ಟೈರು ಒತ್ತಿ ಒತ್ತಿ ಒಳಗಿನ ಗಾಳಿ ಎಷ್ಟಿದೆ ಎಂದು ಹೇಳುವವನು ನಾನು. ನನ್ನ ಎದುರಿಗೆ ಎರಡು ವರ್ಷ ನಿಂತಿದ್ದ ಮನುಷ್ಯನದು ಗೊತ್ತಾಗಲಿಲ್ಲ.

ಅತ್ತಿಗೆ ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ವಿಷಯ ಕೇಳಿ ಅಳಲಿಲ್ಲ. ಗಂಡನ ಕಡೆ ನೋಡದೆ, "ಏಳು ಲೈಟ್ ಬದಲಾಯಿಸಿದ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತೇನಪ್ಪ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

ನೀರಿನ ಕಚೇರಿಯವರು ಮೂರು ತಿಂಗಳು ಕುರ್ಚಿಯಲ್ಲಿ ಕೂರಿಸಿದರು, ಆಮೇಲೆ ಮನೆಯಲ್ಲಿರಿ ಎಂದರು. ಅತ್ತಿಗೆಯ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ. ಈಗ ಎಡಗೈಯಲ್ಲಿ ಇಸ್ತ್ರಿ ಮಾಡುತ್ತಾರೆ, ಬಸ್ಸಿನಲ್ಲಿ ನಿಂತು ಬರುತ್ತಾರೆ. ಮೀಟರಣ್ಣ ದಿನಾ ಸಂಜೆ ಗೋಡೆಯ ಪಕ್ಕ ಹಿಡಿದು ಬಸ್ ಸ್ಟಾಪಿಗೆ ನಡೆದು ಹೋಗಿ ಕಾಯುತ್ತಾರೆ. ಹನಿ ಹಾಕಿಕೊಳ್ಳುತ್ತಿದ್ದಾರೆ. ಹಾಕಿದರೂ ಆ ಬಿಳಿ ಚೂರು ಸಣ್ಣದಾಗುತ್ತಲೇ ಇದೆ ಎಂದು ಡಾಕ್ಟರು ಹೇಳಿದ್ದಾರೆ.

ಹತ್ತು ದಿನದ ಹಿಂದೆ ಸೈಕಲ್ ವಾರದ ಬಣ್ಣದ ಕಾಗದ ಮತ್ತೆ ಬಂತು. ಅವತ್ತೇ ಸಂಜೆ ಮೀಟರಣ್ಣ ಸೈಕಲ್ಲನ್ನು ತಳ್ಳಿಕೊಂಡು ನನ್ನ ಅಂಗಡಿಗೆ ಬಂದರು. "ಎಲ್ಲ ಬಿಚ್ಚಿಬಿಡು ಮೇಸ್ತ್ರಿ. ಯಾರಾದ್ರೂ ಕಣ್ಣಿರೋರು ತಗೊಳ್ಳಲಿ" ಎಂದು ಸ್ಟೂಲಿನ ಮೇಲೆ ಕೂತರು. ನಾನು ಕನ್ನಡಿ ಬಿಚ್ಚಿದೆ, ಬೆಲ್ಲು ಬಿಚ್ಚಿದೆ. ಕ್ಯಾರಿಯರಿನ ಮೆತ್ತೆ ಬಿಚ್ಚುವಾಗ ಕೈ ತಡೆಯಿತು. ಅತ್ತಿಗೆ ಕೂತು ಕೂತು ಒಂದು ಪಕ್ಕ ತಗ್ಗಾಗಿತ್ತು. ಕೊನೆಗೆ ನನ್ನ ಲೈಟು.

"ಅಣ್ಣ, ನಂದು ತಪ್ಪಾಯ್ತು" ಎಂದೆ. "ಆ ಹೆಂಗಸು ಹೇಳಿದ್ದೇ ಸರಿಯಿತ್ತು. ನಾನು ಬಾಯಿ ಹಾಕ್ಬಾರ್ದಿತ್ತು."

"ಹೋಗ್ಲಿ ಬಿಡು." ಅವರು ನನ್ನ ಕೈಯಲ್ಲಿದ್ದ ಲೈಟಿನ ಕಡೆ ಬೊಟ್ಟು ಮಾಡಿದರು. "ಒಂದು ನಿಜ ಹೇಳ್ಲಾ? ಇದೂ ಅಷ್ಟೇ ಇತ್ತು. ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ ನನಗೆ. ನೀನು ಅಷ್ಟು ಪ್ರೀತಿಯಿಂದ ಕೊಟ್ಟಿದ್ದೆ, ಬೇಜಾರು ಮಾಡ್ಕೋತೀಯ ಅಂತ ಚೆನ್ನಾಗಿದೆ ಅಂದೆ."

ಅವರ ಏಳು ಲೈಟುಗಳನ್ನು ನಾನು ಬೈದೆ, ನಂಬಲಿಲ್ಲ. ಆದರೆ ನನ್ನ ಲೈಟಿನ ಮೇಲೆ ನಾನು ಎಂದೂ ಅನುಮಾನ ಪಡುತ್ತಿರಲಿಲ್ಲ. ಅದರಲ್ಲೂ ಕಾಣಲಿಲ್ಲ ಎಂದು ಅವತ್ತು ದಾರಿಯಲ್ಲಿ ಹೇಳಿದ್ದರೆ, ಆ ಕ್ಷಣವೇ ಕೈ ಹಿಡಿದು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದೆ. ವ್ಯಾನಿಗೆ ಹೊಡೆಯುವುದಕ್ಕೆ ಇನ್ನೂ ಐದು ತಿಂಗಳಿತ್ತು. ನನ್ನ ಮುಖ ಸಪ್ಪಗಾಗಬಾರದು ಎಂದು ಆ ಮನುಷ್ಯ ಚೆನ್ನಾಗಿದೆ ಎಂದುಬಿಟ್ಟರು. ಇದನ್ನು ಅವರಿಗೆ ಹೇಳದೆ, ಬಿಚ್ಚಿದ ಲೈಟನ್ನು ಕಪಾಟಿನಲ್ಲಿಟ್ಟೆ.

ಹೊತ್ತಾಯಿತು ಎಂದು ಎದ್ದರು. ನಾನೂ ಶಟರ್ ಎಳೆದು ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. ನನಗೆ ಅದರ ಹಣೆಯ ಮೇಲೆ ಬರೀ ಬೆಳಕು ಕಂಡರೆ, ಮೀಟರಣ್ಣ ಅದರ ನಂಬರನ್ನು ತಪ್ಪಿಲ್ಲದೆ ಓದಿ, "ನಮ್ಮದೇ ಬಂತು" ಎಂದರು. ಬಸ್ಸು ನಿಂತಿತು. ಅತ್ತಿಗೆ ಮುಂದಿನ ಬಾಗಿಲಿಂದ ಇಳಿದು, ಜನರ ನಡುವೆ ದಾರಿ ಮಾಡಿಕೊಂಡು ಬಂದು ಗಂಡನ ಎಡಪಕ್ಕದಲ್ಲಿ ನಿಂತರು. ಅಂಗೈ ಅಗಲದ ದೂರ. ಮಾತಾಡಿಸಬೇಡ ಎಂದು ನನಗೆ ಕಣ್ಸನ್ನೆ ಮಾಡಿದರು. ತಾನು ಎಷ್ಟು ಹೊತ್ತಿಗೆ ಗಂಡನ ಕಣ್ಣಿಗೆ ಬೀಳುತ್ತೇನೋ ನೋಡೋಣ ಎಂದುಕೊಂಡಿರಬೇಕು.

ಜನ ಎಲ್ಲ ಇಳಿದರು. ಬಸ್ಸು ಹೊರಟಿತು. ಮೀಟರಣ್ಣ ಹಿಂದಿನ ಬಾಗಿಲನ್ನೇ ನೋಡುತ್ತಾ, "ಇದರಲ್ಲೂ ಬರಲಿಲ್ಲವಲ್ಲ ಮೇಸ್ತ್ರಿ" ಎಂದರು.