ಮದುವೆ ಕಾಗದಗಳು ಹೊಸ ಡಿಸ್ಕಿಗೆ ಹೋದದ್ದು

ಅಥವಾ ಕಂಪ್ಯೂಟರಿನ ಆ ತಿರುಪು ಬಿಚ್ಚಿದ್ದು ನಾನಲ್ಲ, ಅಕ್ಕನೇ ಇರಬಹುದು. ಕೋಟದ ನಮ್ಮ ಮನೆಯಲ್ಲಿ ಅವಳು ಊರವರ ಮದುವೆ ಕಾಗದಗಳ, ಅಂದರೆ ಆಮಂತ್ರಣ ಪತ್ರಿಕೆಗಳ, ಡಿಟಿಪಿ ಮಾಡುತ್ತಿದ್ದಳು. ಆ ಸೀಸನ್ನಿನ ಕಾಗದಗಳೆಲ್ಲ ಇದ್ದ ಹಾರ್ಡ್‌ಡಿಸ್ಕ್ ತುಂಬಿಹೋಗಿ, ಕುಂದಾಪುರದಿಂದ ದೊಡ್ಡದೊಂದನ್ನು ತಂದೆವು. ಕಡಲ ಗಾಳಿಗೆ ತುಕ್ಕು ಹಿಡಿದ ತಿರುಪಿಗೆ ತೆಂಗಿನೆಣ್ಣೆ ಬಿಟ್ಟು ಕಂಪ್ಯೂಟರಿನ ಪೆಟ್ಟಿಗೆ ತೆರೆದು, ಹಳೆಯದರ ಪಕ್ಕದಲ್ಲೇ ಹೊಸದನ್ನೂ ಜೋಡಿಸಿದೆವು. ಯಾವುದರಿಂದ ಯಾವುದಕ್ಕೆ ನಕಲು ಮಾಡಬೇಕು ಎಂದು ಪರದೆ ಕೇಳಿತು.

ಅಕ್ಕ ಕೂಗಿದಳು, "ಹ್ವಾಯ್, ಸಮಾ ಕಾಣ್ ಮಾರಾಯ! ಉಲ್ಟಾ ಆರೆ ಖಾಲಿ ಡಿಸ್ಕೇ ಬಂದ್ ಕೂಕಂಡ್ ಎಲ್ಲಾ ಅಳ್ಸಿ ಹೋತ್ತ್!"

"ಹೋರೆ ಮದಿ ನಿಂತ್ ಹೋತ್ತಾ ಅಕ್ಕ? ನೀನೇ ಮನೆಮನೆಗ್ ಹೋಯಿ ಬಾಯಂಗೇ ಹೇಳ್ಕಿ ಮಾಡಿ ಬಾ."

ಮದುವೆಗೆ ಬಾಯಲ್ಲೇ ಕರೆದು ಬಾ ಎಂದದ್ದಕ್ಕೆ ಬೆನ್ನಿಗೊಂದು ಗುದ್ದು ಬಿತ್ತು. ಬಹುಶಃ ಆ ಗುದ್ದಿಗೇ ನನ್ನ ಬೆರಳು ಎಂಟರ್ ಒತ್ತಿತು. ಆಮೇಲೆ ನಕಲು ಮುಗಿಯುವವರೆಗೆ ಎರಡು ಗಂಟೆ ನೆಲದ ಮೇಲೆ ಕೂತು ಹೆದರಿಕೆಗೋ ಏನೋ ನಕ್ಕಿದ್ದೇ ನಕ್ಕಿದ್ದು. ಹೊಸ ಡಿಸ್ಕ್ ನಡೆಯುತ್ತದೋ ನೋಡಲು ಮತ್ತೆ ಚಾಲೂ ಮಾಡಿದಾಗ ಕಾಗದಗಳೆಲ್ಲ ತಮ್ಮ ತಮ್ಮ ಗಣಪತಿಯ ಸಮೇತ ಪರದೆಗೆ ಬಂದವು. ಅಕ್ಕ ನನ್ನ ಕೈ ಹಿಡಿದು ಕೋಣೆಯಿಡೀ ಕುಣಿಸಿದಳು. ಎಣ್ಣೆಯ ಕುಪ್ಪಿ ಉರುಳಿತು, ನಾನು ಜಾರಿಬಿದ್ದೆ, ಅವಳು ನನ್ನ ಮೇಲೆಯೇ ಬಿದ್ದಳು.

ಹಳೆಯ ಡಿಸ್ಕಿನ ಕೇಬಲ್ಲನ್ನು ಆಗಿನ್ನೂ ಬಿಚ್ಚಿರಲೇ ಇಲ್ಲ, ಯಂತ್ರ ಅದರಿಂದಲೇ ಶುರುವಾಗಿರಬೇಕು ಎಂದು ಈಗ ಅಕ್ಕ ವಾದಿಸುತ್ತಾಳೆ. ಬಿಚ್ಚಿದ ಕೇಬಲ್ ನನ್ನ ಕೈಯಲ್ಲಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ನೆನಪಿನ ಕೇಬಲ್ ಕೆಂಪು, ನಮ್ಮದು ಬೂದು ಬಣ್ಣದ್ದು. ಕಾಗದಗಳು ಅಚ್ಚಾದವು, ಮದುವೆಗಳೂ ಆದವು. ನಾವು ಅಷ್ಟೊಂದು ಕುಣಿದದ್ದು ಹೊಸ ಡಿಸ್ಕ್ ನಡೆದದ್ದಕ್ಕೋ, ಹಳೆಯದು ಎಂದಿನಂತೆ ನಡೆದದ್ದಕ್ಕೋ, ನನಗೆ ಗೊತ್ತಿಲ್ಲ.