ಹಲ್ಲಿನ ಗುರುತಿನ ಬೆಳ್ಳಿ ಪಿನ್ನು

ಹೊಸೂರಿನ ನಮ್ಮ ಬೆಳ್ಳಿ ಅಂಗಡಿಗೆ ಬರುವವರಲ್ಲಿ ಒಡವೆಯ ಮುಖ ಬಿಟ್ಟು ಬೆನ್ನು ನೋಡುವವನು ಕೆಂಪರಾಜು ಒಬ್ಬನೇ. ಆಲಸನತ್ತಂನಲ್ಲಿ ಮನೆ, ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ವಯಸ್ಸು ನಲವತ್ತರ ಆಚೆ. ಶಿಫ್ಟ್ ಮುಗಿಸಿ ಯೂನಿಫಾರಂನಲ್ಲೇ ಬಂದು, "ಶೆಟ್ರೇ, ಹಳೇ ಪಿನ್ನು ಏನಾರ ಬಂತಾ?" ಎಂದು ಗಾಜಿನ ಮೇಲೆ ಬಗ್ಗುತ್ತಾನೆ.

ಅವನು ಕೇಳುವುದು ಯುದ್ಧಕಾಲದ ಪಿನ್ನು, ಸೆರಗಿಗೆ ಚುಚ್ಚಿಕೊಳ್ಳುವಂಥದು. ಎರಡನೇ ಮಹಾಯುದ್ಧಕ್ಕೆ ಹೊರಟ ಸಿಪಾಯಿಗಳಲ್ಲಿ ಕೆಲವರು ತಮ್ಮ ಪಲ್ಟನ್ನಿನ ಲಾಂಛನವನ್ನು ಬೆಳ್ಳಿಯಲ್ಲಿ ಮಾಡಿಸಿ ಹೆಂಡತಿಗೋ ಪ್ರೇಯಸಿಗೋ ಕೊಟ್ಟು ಹೋಗುತ್ತಿದ್ದರು. ಬೆನ್ನ ಮೇಲೆ ಹೆಸರು, ಒಮ್ಮೊಮ್ಮೆ ಸೈನ್ಯದ ನಂಬರು. ಅಂಥವು ಕೆಂಪರಾಜುವಿನ ಹತ್ತಿರ ಅರವತ್ತಿವೆ. ಯಾವ ಪಲ್ಟನ್ ಬರ್ಮಾದ ಯಾವ ನದಿಗೆ ಸೇತುವೆ ಕಟ್ಟಿತು, ಗುಂಡಿಗೆ ಎಷ್ಟು ಜನ, ಮಲೇರಿಯಾಕ್ಕೆ ಎಷ್ಟು ಜನ ಹೋದರು ಎಂದು ಒಂದೊಂದಕ್ಕೂ ಅರ್ಧ ಗಂಟೆ ಹೇಳುತ್ತಾನೆ. ಗಿರಾಕಿ ಕಾಯುತ್ತಿದ್ದರೂ ಹೇಳುತ್ತಾನೆ.

"ಸಿಪಾಯಿಗಳ ಹೆಂಡಿರ ಬೆಳ್ಳಿಯೆಲ್ಲ ನಿನ್ನ ಬೀರುವಿನಲ್ಲಿ, ನಿನ್ನ ಹೆಂಡ್ತಿ ಕಿವೀಲಿ ಗಿಲೀಟು. ಏನಪ್ಪಾ ಇದು?" ಎಂದು ಒಮ್ಮೆ ಕೆಣಕಿದೆ.

"ಶಾಂತಿ ಒಂದ್ಸಲ ಅಂದು ಬಿಟ್ಬುಟ್ಟವ್ಳೆ. ನೀವು ಹತ್ತು ವರ್ಸದಿಂದ ಅಂತಾನೇ ಇದ್ದೀರ."

ಅವನಿಗೆ ಬೇಕಾಗಿದ್ದದ್ದು ಒಂದೇ ಪಿನ್ನು. ಉಳಿದವು ಅದನ್ನು ಹುಡುಕುವಾಗ ಸಿಕ್ಕವು. ಅವನ ಅಜ್ಜಿ ಅಂಜಮ್ಮ ನಾಟ್ರಾಂಪಾಳ್ಯದವಳು. ಆಕೆ ಕೈಗೂಸಾಗಿದ್ದಾಗ ಅಪ್ಪ ನಾರಾಯಣಪ್ಪ ಪಲ್ಟನ್ನಿನ ಜೊತೆ ಬರ್ಮಾಕ್ಕೆ ಹೋದ. ಆಮೇಲೆ ಅವನೂ ಬರಲಿಲ್ಲ, ಕಾಗದವೂ ಬರಲಿಲ್ಲ. ರಂಗೂನಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಓಡಿಹೋದ ಎಂದು ಊರು ತೀರ್ಮಾನಿಸಿಬಿಟ್ಟಿತು. ಅಂಜಮ್ಮ ಎಂಬತ್ತಮೂರು ವರ್ಷದಿಂದ ಓಡಿಹೋದವನ ಮಗಳು.

ಕಳೆದ ವರ್ಷ ನಾಟ್ರಾಂಪಾಳ್ಯದಲ್ಲಿ ಯುದ್ಧದಲ್ಲಿ ಸತ್ತವರ ಹೆಸರಿನ ಕಲ್ಲು ನಿಲ್ಲಿಸುವ ಮಾತೆದ್ದಿತು. ನಾರಾಯಣಪ್ಪನ ಹೆಸರೂ ಬರಲಿ ಎಂದು ಕೆಂಪರಾಜು ಕೇಳಿದ್ದಕ್ಕೆ, ಉಸ್ತುವಾರಿ ಹೊತ್ತ ಯುವರಾಜ್, "ಸತ್ತಿದ್ದುಕ್ಕೆ ಆದಾರಂ ತಗೊಂಬಾಣ್ಣ. ಓಡೋದೋರ್ನೆಲ್ಲ ಹಾಕುದ್ರೆ ಕಲ್ಲು ಸಾಲಲ್ಲ" ಎಂದನಂತೆ. ಸೈನ್ಯಕ್ಕೆ ಬರೆದರೆ, ಆ ಹೆಸರಿನವರು ಬಹಳ ಮಂದಿ ಇದ್ದಾರೆ, ನಂಬರು ಕಳಿಸಿ ಎಂದು ಉತ್ತರ ಬಂತು.

ನಂಬರಿದ್ದದ್ದು ಒಂದೇ ಕಡೆ, ನಾರಾಯಣಪ್ಪ ಹೆಂಡತಿಗೆ ಕೊಟ್ಟಿದ್ದ ಪಿನ್ನಿನ ಬೆನ್ನ ಮೇಲೆ. ಆಕೆ ಸೂಜಿ ಕೀಳಿಸಿ, ಕೊಂಡಿ ಬೆಸೆಸಿ, ಅದನ್ನು ತಾಳಿಯ ದಾರಕ್ಕೆ ಪೋಣಿಸಿಕೊಂಡಿದ್ದಳು. ಅಂಜಮ್ಮನ ಕೊನೆಯ ಹೆರಿಗೆ ಕಷ್ಟವಾದಾಗ ಆ ತಾಯಿ ಒಬ್ಬಳೇ ಹೊಸೂರಿಗೆ ಬಂದು ಮಾರಿಹೋಗಿದ್ದಳು. ಯಾವ ಅಂಗಡಿಗೆ ಎಂದು ಯಾರಿಗೂ ಹೇಳಿರಲಿಲ್ಲ. ಗುರುತು ಒಂದಿತ್ತು. ಹಾಲು ಕುಡಿಯುವಾಗ ಮಗು ಅಂಜಮ್ಮ ಕಡಿದು ಕಡಿದು, ಲಾಂಛನದ ಕಿರೀಟದ ಮೇಲೆ ಎರಡು ಹಲ್ಲಿನ ಕುಳಿ ಬಿದ್ದಿತ್ತು.

ಈ ಆಷಾಢದಲ್ಲಿ ವ್ಯಾಪಾರವಿಲ್ಲದೆ ನಮ್ಮಪ್ಪನ ಹಳೆಯ ಕಬ್ಬಿಣದ ಪೆಟ್ಟಿಗೆ ಖಾಲಿ ಮಾಡಿಸಿದೆ. ಕೆಲಸ ಚೆನ್ನಾಗಿದೆ ಎಂದು ಅಪ್ಪ ಕರಗಿಸದೆ ಉಳಿಸಿದ್ದ ಒಡವೆಗಳ ಗಂಟಿನಲ್ಲಿ ಅದು ಸಿಕ್ಕಿತು. ಕಿರೀಟ, ಎರಡು ಕುಳಿ. ತಿರುಗಿಸಿಯೂ ನೋಡಿದೆ. ಕೆಂಪರಾಜುವಿಗೆ ಫೋನಿನಲ್ಲಿ ಮುಖದ ಸಂಗತಿ ಮಾತ್ರ ಹೇಳಿದೆ, ಬೆನ್ನಿನದು ಹೇಳಲಿಲ್ಲ. ಗಿರಾಕಿ ಬಂದು ನೋಡಲಿ ಎಂಬ ಹಾಳು ಅಭ್ಯಾಸ.

ಮಾರನೆಯ ಬೆಳಿಗ್ಗೆ ಅಜ್ಜಿಯನ್ನು ಆಟೋದಲ್ಲಿ ಕರೆತಂದ. ಅಂಜಮ್ಮನಿಗೆ ಕಣ್ಣು ಮಂಜು. ಹೆಬ್ಬೆರಳಿನಿಂದ ಕುಳಿ ಸವರಿದಳು.

"ಇದೇ ಕಣ್ಲಾ. ಎಷ್ಟು ಹೊಡೆದವ್ಳೋ ಅವ್ವ ನಂಗೆ, ಕಚ್ಚಬ್ಯಾಡ ಅಂತ. ತಿರುವಾಕು, ನಂಬ್ರು ಓದು."

ಕೆಂಪರಾಜು ತಿರುಗಿಸಿದ. ಬೆಳಕಿಗೆ ಹಿಡಿದ. ತನ್ನ ಭೂತಗನ್ನಡಿ ತೆಗೆದ. ಬೆನ್ನು ಕನ್ನಡಿಯಂತೆ ನುಣ್ಣಗಿತ್ತು.

"ಶೆಟ್ರೇ, ಯಾರೋ ಅರ ಹಾಕಿ ಉಜ್ಬುಟ್ಟವ್ರಲ್ಲ."

ನಮ್ಮ ಕಡೆಯ ಹೆಂಗಸರು ಬೆಳ್ಳಿ ಮಾರಲು ಬಂದರೆ, ಅದರ ಮೇಲೆ ಗಂಡನ ಹೆಸರಿದ್ದರೆ ಉಜ್ಜಿಸದೆ ಕೊಡುತ್ತಿರಲಿಲ್ಲ. ಬದುಕಿರುವವನ ಹೆಸರು ಕುಲುಮೆಗೆ ಬೀಳಬಾರದು. ಉಜ್ಜಿದ ಪುಡಿಯನ್ನು ಕಾಗದದಲ್ಲಿ ಕಟ್ಟಿ ಅವರ ಕೈಗೆ ಕೊಡುತ್ತಿದ್ದೆವು, ಅವರು ಅದನ್ನು ತುಳಸಿಯ ಬುಡಕ್ಕೆ ಹಾಕುತ್ತಿದ್ದರು. ಸತ್ತವನದಾದರೆ ಉಜ್ಜುವ ಮಾತೇ ಇಲ್ಲ. ಇಷ್ಟನ್ನು ಅಂಜಮ್ಮನಿಗೆ ಹೇಳಿದೆ. ಆ ಕಾಲದಲ್ಲಿ ಅರ ಹಿಡಿದು ಕೂರುತ್ತಿದ್ದವನು ನಾನೇ ಎಂಬುದನ್ನು ಹೇಳಲಿಲ್ಲ.

ಅವಳು ಮೊಮ್ಮಗನ ಕೈಯಿಂದ ಪಿನ್ನು ತೆಗೆದುಕೊಂಡು ಬೆನ್ನು ಸವರಿದಳು. "ಮೂವತ್ತು ವರ್ಸ ಆದ್ರೂ ಬದುಕವ್ನೆ ಅಂತಾನೇ ಅಂದ್ಕೊಂಡಿದ್ಲಾ?"

"ಹಂಗೇ ಕಾಣುತ್ತಮ್ಮ."

"ಅಲ್ಗೆ ಊರ್ನೋರು ಅಂದಿದ್ದುಕ್ಕೆ ಅವ್ಳೂ ಸೈ ಅಂದಂಗಾಯ್ತು. ಸತ್ತ ಅಂದ್ಕೊಂಡಿದ್ರೆ ಹೆಸ್ರಾದ್ರೂ ಉಳೀತಿತ್ತು." ಪಿನ್ನನ್ನು ಗಾಜಿನ ಮೇಲಿಟ್ಟು ನನ್ನ ಕಡೆ ತಳ್ಳಿದಳು. "ಇಟ್ಕಳ್ಳಿ ಸಾಮಿ. ನಂಗ್ಯಾಕೆ."

ಕೆಂಪರಾಜು ಬೆಲೆ ಕೇಳಿದ. ತೂಕದ ಬೆಲೆ ಹೇಳಿದೆ. ಕೊಟ್ಟು ಜೇಬಿಗೆ ಹಾಕಿಕೊಂಡ. ಸುಮ್ಮನೆ ಕೊಡಬಹುದಿತ್ತು. ಕೊಟ್ಟಿದ್ದರೆ ಯಾಕೆಂದು ಕೇಳುತ್ತಿದ್ದ.

ಕಲ್ಲು ನಿಂತಿತು, ನಾಲ್ಕು ಹೆಸರಿನದು. ಊರಿಗೆಲ್ಲ ಹಿರಿಯಳೆಂದು ಮಾಲೆ ಹಾಕಲು ಯುವರಾಜ್ ಅಂಜಮ್ಮನನ್ನೇ ಕಾರಿನಲ್ಲಿ ಕರೆದೊಯ್ದ. ಅವಳು ಹಾಕಿದಳು. ಕೆಂಪರಾಜು ಹೋಗಲಿಲ್ಲ, ಅವನ ಫೋನಿಗೆ ಫೋಟೊ ಬಂತು. ಅದನ್ನು ನನಗೆ ತೋರಿಸಿದ. ಮುದುಕಿ ಮಾಲೆ ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ಯಾರೋ, ನಗಬೇಕೆಂದು ಅವಳಿಗೆ ಹೇಳಿಕೊಡುತ್ತಿದ್ದಾರೆ.